ಗುಹೆಯೂರಿನ ಕಾಲುದಾರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಬಾಸ್ಕ್ ನಾಡಿನಲ್ಲಿ ಸುಗರ್ರಮುರ್ದಿ ಎಂಬ ಇನ್ನೂರು ಚಿಲ್ಲರೆ ಜನರ ಹಳ್ಳಿಯಿದೆ. ಸುತ್ತಮುತ್ತ ಮೂರು ಗುಹೆ, ಪಕ್ಕದಲ್ಲೊಂದು ಬೆಟ್ಟ, ಇವನ್ನೆಲ್ಲ ಹೆಣೆದುಕೊಂಡ ಕಾಲುದಾರಿಗಳು. ಅಲ್ಲಿಗೆ ಹೊರಟಿರುವ ಮೈಸೂರು, ಮಂಡ್ಯ ಕಡೆಯ ಓದುಗರ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿದ್ದೇವೆ. ವಿಮಾನದ ಟಿಕೆಟ್ ಯಾವಾಗ ಅಗ್ಗ ಎಂದು ಕೇಳಿದವರು ಕ್ಷಮಿಸಬೇಕು, ಅದು ಈ ಅಂಕಣದ ಕೆಲಸವಲ್ಲ.

ಸುಗರ್ರಮುರ್ದಿ, ಉರ್ದಾಕ್ಸ್, ಸಾರಾ ಈ ಮೂರೂ ಗುಹೆಗಳನ್ನು ಒಂದೇ ದಿನ ನಡೆದು ನೋಡಬಹುದೇ? ಎಲ್ಲಿಂದ ಶುರು ಮಾಡಿದರೆ ಒಳ್ಳೆಯದು?
ವಿಜಯನಗರ, ಮೈಸೂರು

ನೋಡಬಹುದು. ಮೂರನ್ನೂ ಪೋಣಿಸುವ ದಾರಿಯೇ ಇದೆ. ಅದರ ಗುರುತು ಒಂದು ನೀಲಿ ಕುದುರೆ. ಪೊಟ್ಟೊಕ ಅನ್ನುವುದು ಆ ಗುಡ್ಡಗಳಲ್ಲಿ ಅರೆಕಾಡಾಗಿ ಮೇಯುವ ಗಿಡ್ಡ ಕುದುರೆ. ಅದರ ಆಕಾರವನ್ನೇ ನೀಲಿಯಲ್ಲಿ ಬರೆದು ಕಂಬ, ಫಲಕಗಳ ಮೇಲೆ ಹಾಕಿದ್ದಾರೆ. ಸುಗರ್ರಮುರ್ದಿ ನಡುವೆ ಬರುತ್ತದೆ. ಒಂದು ಕಡೆ ಫ್ರಾನ್ಸಿಗೆ ಸೇರಿದ ಸಾರಾ ಗುಹೆಗೆ ಸುಮಾರು 3 ಕಿಲೋಮೀಟರ್, ಇನ್ನೊಂದು ಕಡೆ ಸ್ಪೇನಿನಲ್ಲೇ ಇರುವ ಉರ್ದಾಕ್ಸ್ ಗುಹೆಗೆ ಮೂರರಿಂದ ನಾಲ್ಕು. ಹಾಗಾಗಿ ನಡುವಿನ ಊರಿನಲ್ಲಿ ತಂಗಿ ಎರಡು ದಿಕ್ಕಿಗೂ ಹೋಗಿಬರುವುದು ಸಲೀಸು. ಎಲ್ಲ ಸೇರಿ 13 ಕಿಲೋಮೀಟರ್ ಆಸುಪಾಸು, ನಾಲ್ಕು ಗಂಟೆಯ ನಡಿಗೆ. ದಾರಿ ಓಕ್, ಚೆಸ್ಟ್‌ನಟ್ ಮರಗಳ ನೆರಳಿನಲ್ಲಿ, ಹುಲ್ಲುಗಾವಲಿನ ಬೇಲಿ ಪಕ್ಕದಲ್ಲಿ ಏರಿಳಿಯುತ್ತದೆ. ಕಡಿದಾದ ಏರು ಎಲ್ಲೂ ಇಲ್ಲ.

ತಪ್ಪುವುದು ಕಾಲಿನ ಲೆಕ್ಕವಲ್ಲ, ಗಡಿಯಾರದ ಲೆಕ್ಕ. ಸಾರಾ ಮತ್ತು ಉರ್ದಾಕ್ಸ್ ಗುಹೆಗಳಿಗೆ ನಾವೇ ನುಗ್ಗುವಂತಿಲ್ಲ. ಮಾರ್ಗದರ್ಶಿಯ ಜೊತೆ ತಂಡವಾಗಿ, ನಿಗದಿಯಾದ ಹೊತ್ತಿಗೆ ಹೋಗಬೇಕು. ಸುಗರ್ರಮುರ್ದಿಯದನ್ನು ಟಿಕೆಟ್ ಪಡೆದು ನಮ್ಮ ಪಾಡಿಗೆ ನೋಡಬಹುದು. ಸ್ಪೇನಿನ ಕಡೆ ಮಧ್ಯಾಹ್ನ ಎರಡರ ಸುಮಾರಿಗೆ ಬಾಗಿಲು ಹಾಕಿ ಸಂಜೆಗೆ ತೆರೆಯುವ ರೂಢಿ. ಚಳಿಗಾಲದಲ್ಲಿ ತೆರೆಯುವ ದಿನಗಳೇ ಕಡಿಮೆ. ಆದ್ದರಿಂದ ಹೊರಡುವ ಹಿಂದಿನ ದಿನ ಮೂರರ ವೇಳಾಪಟ್ಟಿಯನ್ನೂ ನೋಡಿಕೊಂಡು ಹೀಗೆ ಹೊಂದಿಸಿ: ಬೆಳಗ್ಗೆ ಒಂಬತ್ತಕ್ಕೆ ಸುಗರ್ರಮುರ್ದಿ ಬಿಟ್ಟು ಸಾರಾ ಗುಹೆಗೆ ಹೋಗಿ ಮೊದಲ ತಂಡ ಸೇರಿಕೊಳ್ಳಿ. ಒಳಗೆ ಒಂದು ಗಂಟೆ ಹಿಡಿಯುತ್ತದೆ. ಹನ್ನೆರಡೂವರೆಗೆ ವಾಪಸ್ ಬಂದರೆ ಊರಿನ ಗುಹೆ. ಆಮೇಲೆ ಊಟ, ಏಕೆಂದರೆ ಅಲ್ಲಿನವರ ಊಟದ ಹೊತ್ತೇ ಒಂದೂವರೆ ಮೇಲೆ. ಊಟ ಮುಗಿಸಿ ಉರ್ದಾಕ್ಸ್ ಕಡೆ ಹೊರಟರೆ ಸಂಜೆಯ ತಂಡ ಸಿಗುತ್ತದೆ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತಕ್ಕೆ ಹತ್ತು ನಿಮಿಷ ಇರುವಾಗ, ಹಾಗಾಗಿ ವಾಪಸ್ ನಡೆಯಲು ಬೆಳಕಿಗೆ ಬರವಿಲ್ಲ. ಡಿಸೆಂಬರಿನಲ್ಲಿ ಸಂಜೆ ಐದೂಮುಕ್ಕಾಲಿಗೆಲ್ಲ ಕತ್ತಲು. ಆಗ ಒಂದೇ ದಿನದಲ್ಲಿ ಮೂರನ್ನು ಮುಗಿಸುವ ಹಟ ಬೇಡ. ನಮ್ಮನ್ನು ಕೇಳಿದರೆ ಬೇಸಿಗೆಯಲ್ಲೂ ಎರಡು ದಿನ ಮಾಡಿಕೊಳ್ಳುವುದೇ ಚೆಂದ.

ಇನ್ನೊಂದು ಎಡವಟ್ಟು ಹೆಸರಿನದು. ಸಾರಾ ಊರು ಬೇರೆ, ಸಾರಾ ಗುಹೆ ಬೇರೆ. ಊರಿನಿಂದ ಗುಹೆಗೆ ರಸ್ತೆಯಲ್ಲಿ ಆರು ಕಿಲೋಮೀಟರಿನಷ್ಟಿದೆ. "ಮೂರು ಕಿಲೋಮೀಟರ್ ನಡೆದರೆ ಸಾರಾ" ಎಂದು ನಂಬಿ ಊರಿನಲ್ಲಿ ರೂಮು ಹಿಡಿದವರು ಬೆಳಗ್ಗೆಯೇ ಟ್ಯಾಕ್ಸಿ ಹುಡುಕಬೇಕಾಗುತ್ತದೆ. ಫಲಕಗಳಲ್ಲಿ ಊರಿಗೆ ಎರಡೆರಡು ಹೆಸರು ಇರುತ್ತವೆ ಎಂಬುದೂ ನೆನಪಿರಲಿ. ಬಾಸ್ಕ್‌ನಲ್ಲಿ ಸಾರಾ, ಫ್ರೆಂಚ್‌ನಲ್ಲಿ ಸಾರ್. ಬಾಸ್ಕ್‌ನಲ್ಲಿ ಉರ್ದಸುಬಿ, ಸ್ಪ್ಯಾನಿಷ್‌ನಲ್ಲಿ ಉರ್ದಾಕ್ಸ್. ಹೆಸರು ಎರಡಾದರೂ ಊರು ಒಂದೇ.

ಗಡಿ ದಾಟಿದ್ದು ಗೊತ್ತೇ ಆಗುವುದಿಲ್ಲ. ಬೇಲಿಯಿಲ್ಲ, ಠಾಣೆಯಿಲ್ಲ. ಕಾಡಿನ ನಡುವೆ ನಂಬರ್ ಕೆತ್ತಿದ ಒಂದು ಗಿಡ್ಡ ಕಲ್ಲು ಕಂಡರೆ ಅದೇ ಗಡಿ. 1856ರ ಬಯೊನ್ ಒಪ್ಪಂದದ ನಂತರ ಅಟ್ಲಾಂಟಿಕ್ ತುದಿಯ ಬಿದಸೋವಾ ನದಿಯಿಂದ ಮೆಡಿಟರೇನಿಯನ್‌ವರೆಗೆ 602 ನಂಬರುಗಳ ಕಲ್ಲು ನೆಟ್ಟರು. ಅವುಗಳ ನಡುವೆ ರಾತ್ರಿ ಹೊತ್ತು ಸರಕು ಸಾಗಿಸುತ್ತಿದ್ದವರೇ ಈ ದಾರಿಗಳನ್ನು ಸವೆಸಿದವರು. ಕಳ್ಳಸಾಗಣೆಗೆ ಬಾಸ್ಕ್ ಮಾತಿನಲ್ಲಿ ಗೌಲಾನ ಎನ್ನುತ್ತಾರೆ, ಅಂದರೆ ರಾತ್ರಿ ಕೆಲಸ. ನಿಮಗೆ ಗಡಿಯ ಸುಳಿವು ಕೊಡುವುದು ಮೊಬೈಲ್. ಅದು ತಾನಾಗಿಯೇ ಫ್ರೆಂಚ್ ನೆಟ್‌ವರ್ಕ್ ಹಿಡಿದುಕೊಳ್ಳುತ್ತದೆ. ಇಲ್ಲಿಂದ ರೋಮಿಂಗ್ ಪ್ಯಾಕ್ ಹಾಕಿಸುವವರು ಸ್ಪೇನಿಗೆ ಮಾತ್ರ ಹಾಕಿಸಿದರೆ ಬಿಲ್ಲು ಬರುವುದು ಈ ಮೂರು ಕಿಲೋಮೀಟರಿನಲ್ಲೇ. ಎರಡೂ ದೇಶ ಸೇರಿದ ಪ್ಯಾಕ್ ತೆಗೆದುಕೊಳ್ಳಿ.

ಕುಂತಿ ಬೆಟ್ಟವನ್ನು ಎಷ್ಟೋ ಸಲ ಹತ್ತಿದ್ದೇವೆ. ಆ ಹಳ್ಳಿ ಸಮುದ್ರಮಟ್ಟದಿಂದ ಬರೀ 200 ಮೀಟರ್ ಎತ್ತರದಲ್ಲಿದೆ ಎನ್ನುತ್ತಾರೆ. ಇದಕ್ಕೆ ಅಭ್ಯಾಸ ಬೇರೆ ಬೇಕೆ?
ಪಾಂಡವಪುರ

ಎತ್ತರಕ್ಕೆ ಬೇಡ, ಕೆಸರಿಗೆ ಬೇಕು. ಆ ನಾಡಿಗೆ ಅಟ್ಲಾಂಟಿಕ್ ಹತ್ತಿರ. ನಮ್ಮ ಹಾಗೆ ಮಳೆಗಾಲ ಅಂತ ಬೇರೆ ಇಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಸುರಿಯುತ್ತದೆ. ಸುರಿಯದ ದಿನ ಷಿರಿಮಿರಿ ಎಂಬ ಜಿಡುಕು ಸೋನೆ. ಛತ್ರಿ ಬಿಚ್ಚಲು ಮುಜುಗರ, ಬಿಚ್ಚದಿದ್ದರೆ ಅರ್ಧ ಗಂಟೆಯಲ್ಲಿ ಅಂಗಿ ತೊಪ್ಪೆ.

ಕುಂತಿ ಬೆಟ್ಟದ ಗ್ರಾನೈಟಿನಲ್ಲಿ ಬೆಣಚು ಹರಳುಗಳು ಉಪ್ಪುಕಾಗದದ ಹಾಗೆ ಎದ್ದು ನಿಂತಿರುತ್ತವೆ. ಪಾಚಿ ಕಟ್ಟದಿದ್ದರೆ ಒದ್ದೆಯಲ್ಲೂ ಚಪ್ಪಲಿ ಕಚ್ಚುತ್ತದೆ. ಬಾಸ್ಕ್ ಗುಹೆಗಳ ಸುತ್ತ ಇರುವುದು ಸುಣ್ಣದ ಕಲ್ಲು. ನಡೆದು ನಡೆದು ಅದು ಸವೆಯುತ್ತದೆ, ನುಣುಪಾಗುತ್ತದೆ, ನೀರು ಬಿದ್ದರೆ ಸೋಪು ಸವರಿದ ಬಚ್ಚಲು ಕಲ್ಲೇ. ಅದರ ಮೇಲೆ ಓಕ್ ಎಲೆ, ಎಲೆಯ ಕೆಳಗೆ ಜೇಡಿ, ಜೇಡಿಯನ್ನು ಕುದುರೆ ಗೊರಸು ಕಲಸಿಟ್ಟಿರುತ್ತದೆ. ಜಾರುವವರಲ್ಲಿ ಹೆಚ್ಚಿನವರು ಜಾರುವುದು ಇಳಿಯುವಾಗ, ಅದೂ ಹೆದರಿ ಹಿಂದಕ್ಕೆ ವಾಲಿದಾಗ. ಹಿಂದಕ್ಕೆ ವಾಲಿದರೆ ಭಾರವೆಲ್ಲ ಹಿಮ್ಮಡಿಯ ಅಂಚಿಗೆ ಹೋಗುತ್ತದೆ, ಅಂಚು ಜಾರುತ್ತದೆ. ಮಂಡಿ ಸ್ವಲ್ಪ ಮಡಿಸಿ, ಮೈ ನೇರ ಇಟ್ಟು, ಇಡೀ ಪಾದ ಊರಿ, ಸಣ್ಣ ಸಣ್ಣ ಹೆಜ್ಜೆ ಹಾಕಿ. ದಾರಿಗೆ ಅಡ್ಡ ಬಿದ್ದ ಒದ್ದೆ ಬೇರನ್ನು ಮೆಟ್ಟಬೇಡಿ, ದಾಟಿ. ಊರುಗೋಲಿನ ತುದಿಯ ರಬ್ಬರ್ ಟೋಪಿ ಡಾಂಬರು ರಸ್ತೆಗೆ. ಕೆಸರಿಗೆ ಇಳಿಯುವ ಮೊದಲು ಅದನ್ನು ಕಿತ್ತು ಜೇಬಿಗೆ ಹಾಕಿ, ಲೋಹದ ಮೊನೆ ನೆಲ ಕಚ್ಚಲಿ.

ಅಭ್ಯಾಸದ ಜಾಗ ಪಾಂಡವಪುರದವರಿಗೆ ಮನೆಬಾಗಿಲಲ್ಲೇ ಇದೆ. ನಾಟಿ ಆದ ಗದ್ದೆಯ ಬದು. ಬೆನ್ನಿಗೆ ಐದಾರು ಕಿಲೋ ಹೇರಿಕೊಂಡು ಒದ್ದೆ ಬದುವಿನ ಮೇಲೆ ವಾರಕ್ಕೆ ಎರಡು ಸಲ ಮುಕ್ಕಾಲು ಗಂಟೆ ನಡೆದರೆ ಕಣಕಾಲು ತಾನೇ ಕಲಿಯುತ್ತದೆ. ಗದ್ದೆ ನಿಮ್ಮದಲ್ಲದಿದ್ದರೆ ಯಜಮಾನರನ್ನು ಒಂದು ಮಾತು ಕೇಳಿ, ಬದು ಮುರಿದರೆ ನೀರು ಹೋಗುವುದು ಅವರದು. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ 1008 ಮೆಟ್ಟಿಲು ಸಾಕು, ಆದರೆ ಒಂದು ಷರತ್ತು: ಹತ್ತಿದ ಮೇಲೆ ಬಸ್ಸಿನಲ್ಲಿ ಇಳಿಯಬಾರದು. ತೊಡೆಯ ಸ್ನಾಯು ನೋಯುವುದು ಇಳಿಜಾರಿನಲ್ಲಿ, ಏಕೆಂದರೆ ಆಗ ಅದು ಎಳೆಯಲ್ಪಡುತ್ತಲೇ ಭಾರ ತಡೆಯಬೇಕು. ಬಸ್ಸು ಹತ್ತಿದವರು ಆ ಅರ್ಧ ಪಾಠವನ್ನು ಬಿಟ್ಟಂತೆ. ಹೊರಡುವ ಎಂಟು ವಾರ ಮೊದಲು ಶುರು ಮಾಡಿ, ಕೊನೆಯ ವಾರ ಬಿಡುವು ಕೊಡಿ.

ಆರು ವರ್ಷದ ಹಿಂದೆ ಕೊಂಡ ಟ್ರೆಕ್ಕಿಂಗ್ ಶೂ ಅಟ್ಟದ ಮೇಲಿದೆ. ಎರಡೇ ಸಲ ಹಾಕಿದ್ದು, ಹೊಸದರ ಹಾಗೇ ಇದೆ. ಅದನ್ನೇ ಒಯ್ಯಬಹುದಲ್ಲ?
ಮಳವಳ್ಳಿ

ಒಯ್ಯುವ ಮೊದಲು ಪರೀಕ್ಷೆ ಮಾಡಿ. ಹೊಸದರ ಹಾಗೆ ಕಾಣುವುದೇ ಇಲ್ಲಿನ ಮೋಸ. ಇಂಥ ಶೂಗಳಲ್ಲಿ ಹೊರಗಿನ ರಬ್ಬರಿಗೂ ಮೇಲಿನ ಚರ್ಮಕ್ಕೂ ನಡುವೆ ಪಾಲಿಯುರಿಥೇನಿನ ಮೆತ್ತೆ ಇರುವುದು ಸಾಮಾನ್ಯ. ಗಾಳಿಯ ತೇವ ವರ್ಷಗಟ್ಟಲೆ ಒಳಸೇರಿ ಅದರ ಕಣಗಳ ಬೆಸುಗೆಯನ್ನು ಬಿಡಿಸುತ್ತದೆ. ಹಾಕದೆ ಇಟ್ಟ ಶೂಗೂ ಇದು ತಪ್ಪಿದ್ದಲ್ಲ. ಸೆಕೆಯ ಅಟ್ಟದಲ್ಲಿ ಇನ್ನೂ ಬೇಗ ಆಗುತ್ತದೆ. ಆಮೇಲೆ ಒಂದು ದಿನ, ಒದ್ದೆ ದಾರಿಯ ಎರಡನೇ ಗಂಟೆಯಲ್ಲಿ, ಅಟ್ಟೆ ಬಾಯಿ ಬಿಟ್ಟು ಕಳಚಿಕೊಳ್ಳುತ್ತದೆ.

ಪರೀಕ್ಷೆ ಹೀಗೆ. ಶೂ ಪಕ್ಕದಲ್ಲಿ, ರಬ್ಬರಿನ ಮೇಲಿನ ಆ ಪಟ್ಟಿಯನ್ನು ಉಗುರಿನಿಂದ ಒತ್ತಿ. ಒತ್ತಿದ ಗುರುತು ಮೇಲೇಳದಿದ್ದರೆ, ಪುಡಿ ಉದುರಿದರೆ, ಅಥವಾ ಶೂವನ್ನು ಬಗ್ಗಿಸಿದಾಗ ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ಬಿಟ್ಟುಬಿಡಿ. ಮೇಲೆ ಗೋಂದು ಹಾಕಿಸಿದರೆ ಪ್ರಯೋಜನವಿಲ್ಲ, ಗೋಂದು ಹಿಡಿದುಕೊಳ್ಳಬೇಕಾದ ಮೆತ್ತೆಯೇ ಸತ್ತಿರುತ್ತದೆ. ಪಾಸಾಯಿತೆಂದರೂ ಹೊರಡುವ ಮೊದಲು ನಲವತ್ತು ಐವತ್ತು ಕಿಲೋಮೀಟರ್ ನಡೆದು ನೋಡಿ.

ಹೊಸದು ಕೊಳ್ಳುವುದಾದರೆ ಅಡಿಯ ಹಲ್ಲು 4ರಿಂದ 5 ಮಿಲಿಮೀಟರ್ ಆಳವಿರಲಿ, ಹಲ್ಲುಗಳ ನಡುವೆ ಅಂತರ ಅಗಲವಿರಲಿ. ಒತ್ತೊತ್ತಾದ ಸಣ್ಣ ಹಲ್ಲಿನಲ್ಲಿ ಜೇಡಿ ಮೆತ್ತಿಕೊಂಡರೆ ಬಿಡುವುದಿಲ್ಲ, ನಾಲ್ಕು ಹೆಜ್ಜೆಗೆ ಅಡಿ ಬೋಳು. ಸಂಜೆ ಹೊತ್ತು, ದಪ್ಪ ಕಾಲುಚೀಲ ಹಾಕಿಕೊಂಡು ಅಳತೆ ನೋಡಿ. ಇಳಿಜಾರಿನಲ್ಲಿ ಹೆಬ್ಬೆರಳು ಮುಂದಕ್ಕೆ ತಾಗದಂತೆ ಒಂದು ಬೆರಳಗಲ ಜಾಗ ಬೇಕು. ಒದ್ದೆಯಾದ ಶೂವನ್ನು ರೂಮಿನ ಹೀಟರ್ ಮೇಲೆ ಇಡಬೇಡಿ, ಅಂಟು ಬಿಡುತ್ತದೆ. ಒಳಗಿನ ಅಟ್ಟೆ ತೆಗೆದು ಪತ್ರಿಕೆ ಕಾಗದ ತುರುಕಿ, ಎರಡು ಗಂಟೆಗೊಮ್ಮೆ ಬದಲಾಯಿಸಿ. ಬೆಳಗ್ಗೆ ಹೊತ್ತಿಗೆ ಹಾಕುವಂತಿರುತ್ತದೆ.

ನಮ್ಮ ಬೆಟ್ಟಗಳಲ್ಲಿ ಅಂಥ ಗುಹೆಗಳು ಯಾಕಿಲ್ಲ?
ಕಾಲೇಜು ವಿದ್ಯಾರ್ಥಿನಿ, ನಾಗಮಂಗಲ

ಕಲ್ಲಿನ ಜಾತಿ ಬೇರೆ. ಮನೆಯಲ್ಲೇ ನೋಡಬಹುದು. ಒಂದು ಚೂರು ಸುಣ್ಣದ ಕಲ್ಲಿನ ಮೇಲೆ ಅಡುಗೆಮನೆಯ ವಿನೆಗರ್ ನಾಲ್ಕು ಹನಿ ಬಿಡಿ, ಸಣ್ಣಗೆ ನೊರೆಯೇಳುತ್ತದೆ. ಮನೆಯ ಮುಂದಿನ ಗ್ರಾನೈಟ್ ಚಪ್ಪಡಿಯ ಮೇಲೆ ಬಿಟ್ಟರೆ ಏನೂ ಆಗುವುದಿಲ್ಲ. ಮಳೆನೀರು ಗಾಳಿ ಮತ್ತು ಮಣ್ಣಿನಿಂದ ಕಾರ್ಬನ್ ಡೈ ಆಕ್ಸೈಡ್ ಹೀರಿ ಬಹಳ ಸೌಮ್ಯವಾದ ಆಮ್ಲವಾಗುತ್ತದೆ. ಸುಣ್ಣದ ಕಲ್ಲಿನ ಬಿರುಕಿಗಿಳಿದು ಅದನ್ನು ಕರಗಿಸಿ ಒಯ್ಯುತ್ತದೆ. ಬಿರುಕು ಕೊಳವೆಯಾಗುತ್ತದೆ, ಕೊಳವೆ ಹಾಲ್ ಆಗುತ್ತದೆ. ಕರಗಿದ ಸುಣ್ಣ ಗುಹೆಯ ಚಾವಣಿಯಿಂದ ತೊಟ್ಟಿಕ್ಕುವಾಗ ಅನಿಲವನ್ನು ಬಿಟ್ಟುಕೊಟ್ಟು ಮತ್ತೆ ಕಲ್ಲಾಗಿ ನಿಲ್ಲುತ್ತದೆ. ಮೇಲಿನಿಂದ ಇಳಿದ ಕೊಂಬುಗಳು, ಕೆಳಗಿನಿಂದ ಎದ್ದ ಕಂಬಗಳು ಹೀಗೆ ಬಂದವು. ನಮ್ಮ ಕಡೆಯ ಬೆಟ್ಟಗಳಲ್ಲಿ ಗವಿ ಎನ್ನುವುದು ಬಹುತೇಕ ದೊಡ್ಡ ಬಂಡೆಗಳು ಒಂದಕ್ಕೊಂದು ಒರಗಿ ಆದ ಪೊಟರೆ.

ಸುಗರ್ರಮುರ್ದಿಯ ಗುಹೆಯಲ್ಲಿ ಈ ಕೊಂಬು, ಕಂಬಗಳನ್ನು ಹುಡುಕಬೇಡಿ. ಅದು ಹಳ್ಳ ಕೊರೆದ ಸುರಂಗ. ಇನ್ಫೆರ್ನುಕೊ ಎರ್ರೆಕ, ಅಂದರೆ ನರಕದ ಹಳ್ಳ, ಈಗಲೂ ನಡುವೆ ಹರಿಯುತ್ತದೆ. ಸುಮಾರು 120 ಮೀಟರ್ ಉದ್ದ, ಇಪ್ಪತ್ತಕ್ಕೂ ಹೆಚ್ಚು ಮೀಟರ್ ಅಗಲ, ಹತ್ತು ಹನ್ನೆರಡು ಮೀಟರ್ ಎತ್ತರ, ಎರಡು ಕಡೆಯೂ ಬಾಯಿ. ಛತ್ರದಂಥ ಆ ವಿಸ್ತಾರವೇ ಅದರ ಸೊಗಸು. ಕೊಂಬುಗಳು ಬೇಕಿದ್ದರೆ ಉರ್ದಾಕ್ಸ್‌ನಲ್ಲಿವೆ. ಅವನ್ನು ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ನೀರು ಹರಡುವುದಿಲ್ಲ, ಬೆಳವಣಿಗೆ ನಿಂತು ಕಪ್ಪಾಗುತ್ತದೆ. ಒಳಗೆ ವರ್ಷವಿಡೀ 13–14 ಡಿಗ್ರಿ. ಹೊರಗೆ ಬೆವರಿ ಬಂದವರು ಒಂದು ಸ್ವೆಟರ್ ಕೈಯಲ್ಲಿಟ್ಟುಕೊಳ್ಳಿ.

ಸುಗರ್ರಮುರ್ದಿಯದು ಮಾಟಗಾತಿಯರ ಗುಹೆ ಎನ್ನುತ್ತಾರೆ. ಒಂಬತ್ತು ವರ್ಷದ ಮಗಳನ್ನು ಕರೆದೊಯ್ಯಬಹುದೇ? ನಿಜಕ್ಕೂ ಅಲ್ಲಿ ನಡೆದದ್ದೇನು?
ಕುವೆಂಪುನಗರ, ಮೈಸೂರು

ಕರೆದೊಯ್ಯಿರಿ. ಗುಹೆ ಊರಿನಿಂದ ಅರ್ಧ ಕಿಲೋಮೀಟರಿಗೂ ಕಡಿಮೆ ದೂರ, ಒಳಗೆ ಬೆಳಕು ಧಾರಾಳ. ಮೆಟ್ಟಿಲುಗಳು ಒದ್ದೆಯಾಗಿರುತ್ತವೆ, ಕೈ ಹಿಡಿದುಕೊಂಡರಾಯಿತು. ಹೆದರಿಕೆಯ ಕತೆ ಗುಹೆಯದ್ದಲ್ಲ, ನ್ಯಾಯಾಲಯದ್ದು.

1608ರ ಕೊನೆಯಲ್ಲಿ ಫ್ರಾನ್ಸಿನ ಕಡೆ ಕೆಲಸಕ್ಕಿದ್ದು ಊರಿಗೆ ಮರಳಿದ ಒಬ್ಬ ಯುವತಿ, ತಾನು ಮಾಟಗಾತಿಯರ ಕೂಟದಲ್ಲಿದ್ದೆ, ಇಲ್ಲಿನ ಇಂಥಿಂಥವರೂ ಇದ್ದರು ಎಂದಳು. ಊರಿನವರು ಮೊದಲು ತಮ್ಮಲ್ಲೇ ತಪ್ಪೊಪ್ಪಿಗೆ, ಕ್ಷಮೆ ಅಂತ ಬಗೆಹರಿಸಿಕೊಂಡಿದ್ದರು. ಸುದ್ದಿ ಲೊಗ್ರೊನ್ಯೊ ನಗರದ ಧರ್ಮವಿಚಾರಣಾ ಮಂಡಳಿಗೆ, ಅಂದರೆ ಧರ್ಮದ್ರೋಹವನ್ನು ವಿಚಾರಿಸುವ ಕ್ಯಾಥೊಲಿಕ್ ನ್ಯಾಯಾಲಯಕ್ಕೆ (ಇನ್‌ಕ್ವಿಸಿಷನ್), ಹೋಯಿತು, ಅಲ್ಲಿಂದ ಕೈಮೀರಿತು. 1610ರ ನವೆಂಬರ್ 7 ಮತ್ತು 8ರಂದು ಲೊಗ್ರೊನ್ಯೊದಲ್ಲಿ ಬಹಿರಂಗ ತೀರ್ಪು. 11 ಮಂದಿಗೆ ಬೆಂಕಿಯ ಶಿಕ್ಷೆ. ಆರು ಜನರನ್ನು ಜೀವಂತ ಸುಟ್ಟರು. ಐವರು ಸೆರೆಯಲ್ಲೇ ಸತ್ತಿದ್ದರಿಂದ ಅವರ ಪ್ರತಿಕೃತಿ ಮಾಡಿ ಸುಟ್ಟರು.

ಮಗಳಿಗೆ ಹೇಳಲೇಬೇಕಾದ್ದು ಆಮೇಲಿನ ಭಾಗ. ಅದೇ ಮಂಡಳಿಯ ಮೂವರು ವಿಚಾರಕರಲ್ಲಿ ಅಲೊನ್ಸೊ ದೆ ಸಲಾಸಾರ್ ಫ್ರಿಯಾಸ್ ಎಂಬಾತನಿಗೆ ಅನುಮಾನ ಹೊಕ್ಕಿತು. 1611ರಲ್ಲಿ ಹೊರಟು ಹಳ್ಳಿ ಹಳ್ಳಿ ತಿರುಗಿ ಆತ 1,802 ಜನರ ಹೇಳಿಕೆ ಪಡೆದ. ಅವರಲ್ಲಿ 1,384 ಮಂದಿ ಮಕ್ಕಳು. ಕೂಟ ಸೇರಿತೆಂದು ಹೇಳಿದ ಜಾಗವನ್ನು ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳಿದರೆ ಉತ್ತರ ತಾಳೆಯಾಗಲಿಲ್ಲ. ಮಾಟದ ಮುಲಾಮು ಎಂದು ಒಪ್ಪಿಸಿದ್ದನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಿದರೆ ಏನೂ ಆಗಲಿಲ್ಲ. ಮಾಟಗಾತಿಯರ ಮಾತು ಊರಲ್ಲಿ ಎದ್ದ ಮೇಲೆಯೇ ಮಾಟಗಾತಿಯರು ಹುಟ್ಟಿಕೊಂಡರು ಎಂಬರ್ಥದಲ್ಲಿ ಆತ ವರದಿ ಬರೆದ. 1614ರಲ್ಲಿ ಆ ಮಂಡಳಿಯ ಮೇಲಿನ ಸಭೆ ಆತನ ಮಾತಿಗೆ ಮಣಿದು ಹೊಸ ನಿಯಮ ಹೊರಡಿಸಿತು. ಸ್ಪೇನಿನ ಧರ್ಮವಿಚಾರಣಾ ಮಂಡಳಿ ಆಮೇಲೆ ಇಂಥ ಸುಡುವಿಕೆಯನ್ನು ಹೆಚ್ಚೂಕಡಿಮೆ ಕೈಬಿಟ್ಟಿತು. ಊರಿನ ಹಳೆಯ ಆಸ್ಪತ್ರೆ ಕಟ್ಟಡದಲ್ಲಿರುವ ಮಾಟಗಾತಿಯರ ವಸ್ತುಸಂಗ್ರಹಾಲಯ ಇದನ್ನೆಲ್ಲ ವಿವರಿಸುತ್ತದೆ. ಗುಹೆಗಿಂತ ಮೊದಲು ಅದನ್ನು ನೋಡಿದರೆ ಗುಹೆ ಬೇರೆಯೇ ಕಾಣುತ್ತದೆ.

ಮಾಟಗಾತಿಯರ ಕೂಟಕ್ಕೆ ಇಡೀ ಸ್ಪೇನ್ ಬಳಸುವ ಅಕೆಲಾರ್ರೆ ಎಂಬ ಪದ ಬಾಸ್ಕ್‌ನದು. ಅಕೆರ್ ಎಂದರೆ ಹೋತ, ಲಾರ್ರೆ ಎಂದರೆ ಹುಲ್ಲುಗಾವಲು. ಹೋತ ಮೇಯುವ ಬಯಲು, ಅಷ್ಟೆ. ಗುಹೆಯಲ್ಲಿ ಈಗ ನಡೆಯುವ ದೊಡ್ಡ ಕೂಟವೆಂದರೆ ಆಗಸ್ಟ್ 18ರ ಊರಹಬ್ಬದ ಊಟ, ಕೆಂಡದ ಸುತ್ತ ಕುರಿಮಾಂಸ ಸುಡುವ ಸಿಕಿರೊ ಯಾತೆ. ಆ ದಿನ ಗುಹೆ ನೋಡುವ ಆಸೆ ಬಿಡಿ.

ಲರ್ರುನ್ ಬೆಟ್ಟವನ್ನು ನಡೆದೇ ಹತ್ತಬೇಕೆಂದಿದ್ದೇವೆ. ಎಷ್ಟು ಹೊತ್ತು? ಮಂಜು ಕವಿದರೆ ಏನು ಮಾಡುವುದು?
ಮದ್ದೂರು

ಲರ್ರುನ್ ಎಂದರೆ ಫ್ರೆಂಚರ ಲಾ ರೂನ್, 905 ಮೀಟರ್. ಸಾರಾ ಹತ್ತಿರದ ಸಾಂತ್ ಇನ್ಯಾಸ್ ಕಣಿವೆ 169 ಮೀಟರಿನಲ್ಲಿದೆ. ಅಲ್ಲಿಂದ ಏರು 736 ಮೀಟರ್, ಅಂದರೆ ಚಾಮುಂಡಿ ಬೆಟ್ಟವನ್ನು ಎರಡೂವರೆ ಸಲ ಹತ್ತಿದ ಹಾಗೆ. ಗುಡ್ಡಗಾಡಿನವರ ಹಳೆಯ ಲೆಕ್ಕ ಹೀಗಿದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದಕ್ಕೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇಲ್ಲಿ ದೂರ ಐದರ ಆಸುಪಾಸು, ಆದ್ದರಿಂದ ಎರಡು ಗಂಟೆ ಕಾಲು. ನಿಲ್ಲುವುದು, ಫೋಟೊ, ಬೆಲ್ಲ ನೀರು ಸೇರಿಸಿ ಮೂರು ಹಿಡಿಯಿರಿ. ಇಳಿಯಲು ಎರಡು.

ದಾರಿಯ ಗುರುತು ಮೊದಲೇ ಕಲಿತುಕೊಳ್ಳಿ. ಕೆಂಪು ಬಿಳಿ ಪಟ್ಟೆ ದೂರದ ಹಾದಿಗಳದ್ದು. ಅಟ್ಲಾಂಟಿಕ್‌ನಿಂದ ಮೆಡಿಟರೇನಿಯನ್‌ಗೆ ಹೋಗುವ ಜಿ.ಆರ್. 10 ಸಾರಾ ಊರಿನ ಮೇಲೇ ಹಾಯುತ್ತದೆ. ಹಳದಿ ಬಣ್ಣ ಅರ್ಧ ದಿನದ ಹಾದಿಗೆ. ಸ್ಪೇನಿನಲ್ಲಿ ಅದರ ಜೊತೆ ಬಿಳಿಯೂ ಇರುತ್ತದೆ. ಗುಣಾಕಾರದ ಚಿಹ್ನೆ ಕಂಡರೆ ಇದು ದಾರಿಯಲ್ಲ ಎಂದರ್ಥ. ಸುಮ್ಮನೆ ಯಾರೋ ಗೀಚಿದ್ದು ಅಂದುಕೊಂಡು ಮುಂದೆ ಹೋದವರು ಅರ್ಧ ಗಂಟೆ ಕಳೆದುಕೊಳ್ಳುತ್ತಾರೆ.

ದಾರಿ ತಪ್ಪಿಸುವವರು ಇಬ್ಬರು, ಕುರಿ ಮತ್ತು ಜರಿಗಿಡ. ಕುರಿಜಾಡು ಅಚ್ಚುಕಟ್ಟಾದ ಕಾಲುದಾರಿಯ ಹಾಗೇ ಇರುತ್ತದೆ, ಆದರೆ ಬೆಟ್ಟದ ಪಕ್ಕೆಗೆ ಸಮವಾಗಿ ಸಾಗಿ ಎಲ್ಲೋ ಹುಲ್ಲಿನಲ್ಲಿ ಮುಗಿಯುತ್ತದೆ. ಜರಿಗಿಡ ಜುಲೈ, ಆಗಸ್ಟಿನಲ್ಲಿ ಸೊಂಟದೆತ್ತರ ಬೆಳೆದು ಕಲ್ಲಿನ ಮೇಲೆ ಬಳಿದ ಗುರುತನ್ನು ಮುಚ್ಚಿಬಿಡುತ್ತದೆ. ನೂರಿನ್ನೂರು ಮೀಟರ್ ನಡೆದರೂ ಗುರುತು ಕಾಣದಿದ್ದರೆ ಮುಂದೆ ಹುಡುಕಬೇಡಿ, ಕೊನೆಯ ಗುರುತಿಗೆ ವಾಪಸ್ ಹೋಗಿ. ಮಂಜಿನಲ್ಲಂತೂ ಇದೊಂದೇ ನಿಯಮ ಸಾಕು: ಒಬ್ಬರು ಕೊನೆಯ ಗುರುತಿನ ಹತ್ತಿರ ನಿಲ್ಲಬೇಕು, ಇನ್ನೊಬ್ಬರು ದನಿ ಕೇಳುವಷ್ಟು ದೂರ ಹೋಗಿ ಮುಂದಿನದನ್ನು ನೋಡಬೇಕು, ಸಿಕ್ಕ ಮೇಲೆ ಇಬ್ಬರೂ ಸೇರಬೇಕು. ಮಂಜು ಸಮುದ್ರದಿಂದ ಬರುತ್ತದೆ, ಹತ್ತು ನಿಮಿಷದಲ್ಲಿ ಬೆಟ್ಟವನ್ನು ನುಂಗುತ್ತದೆ. ನಕ್ಷೆಯನ್ನು ಇಂಟರ್‌ನೆಟ್ ಇಲ್ಲದೆ ತೆರೆಯುವಂತೆ ಇಳಿಸಿಕೊಳ್ಳಿ. 1:25,000 ಅಳತೆಯ ಕಾಗದದ ನಕ್ಷೆಯೂ ಇರಲಿ, ಅದರಲ್ಲಿ 4 ಸೆಂಟಿಮೀಟರ್ ಎಂದರೆ 1 ಕಿಲೋಮೀಟರ್. ಈ ಬೆಟ್ಟದ ತುದಿಗೆ ಪುಟ್ಟ ರೈಲೂ ಇದೆ, ಮಂಜಿನಲ್ಲಿ ಅದರ ಹಳಿ ಹಿಡಿದು ಇಳಿಯುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಬೇಡ. ಹಳಿಯ ಮೇಲೆ ನಡೆಯುವಂತಿಲ್ಲ, ಪಕ್ಕಕ್ಕೆ ಸರಿಯಲು ಜಾಗವೂ ಇಲ್ಲದ ಕಡೆಗಳಿವೆ. ಎರಡೂ ದೇಶದಲ್ಲಿ ತುರ್ತು ನಂಬರ್ 112.

ಶರತ್ಕಾಲದಲ್ಲಿ ಹೋಗುವವರಿಗೆ ಒಂದು ಮಾತು. ಅಕ್ಟೋಬರ್, ನವೆಂಬರ್ ಕಾಡು ಪಾರಿವಾಳ ಬೇಟೆಯ ಕಾಲ, ವಾರಾಂತ್ಯದಲ್ಲಿ ಕಾಡುಹಂದಿಯ ಬೇಟೆಯೂ ನಡೆಯುತ್ತದೆ. ಮಣ್ಣಿನ ಬಣ್ಣದ ಜಾಕೆಟ್ ಬಿಟ್ಟು ಕಿತ್ತಳೆ ಅಥವಾ ಹಳದಿ ಹಾಕಿ.

ಅಮ್ಮನಿಗೆ 68, ಮಂಡಿನೋವು. ಅವರೂ ಬೆಟ್ಟದ ಮೇಲಿಂದ ಸಮುದ್ರ ನೋಡಬೇಕೆನ್ನುತ್ತಾರೆ.
ಸರಸ್ವತಿಪುರಂ, ಮೈಸೂರು

ಲರ್ರುನ್‌ಗೆ ಹಲ್ಲುಹಳಿಯ ರೈಲಿದೆ, 1924ರಿಂದ ಓಡುತ್ತಿದೆ. ಸಾಂತ್ ಇನ್ಯಾಸ್‌ನಿಂದ 4.2 ಕಿಲೋಮೀಟರ್, 35 ನಿಮಿಷ. ಮರದ ಬೋಗಿ, ಪಕ್ಕದಲ್ಲಿ ಗಾಜಿಲ್ಲ, ಪರದೆ ಮಾತ್ರ. ತುದಿಯಲ್ಲಿ ಕೆಳಗಿಗಿಂತ ಸುಮಾರು 5 ಡಿಗ್ರಿ ಕಡಿಮೆ, ಗಾಳಿ ಬೇರೆ. ಶಾಲು ಸಾಲದು, ಗಾಳಿ ತಡೆಯುವ ಜಾಕೆಟ್ ಬೇಕು. ಚಳಿಗಾಲದಲ್ಲಿ ರೈಲಿಲ್ಲ, ಗಾಳಿ ಜೋರಾದರೆ ಬೇಸಿಗೆಯಲ್ಲೂ ನಿಲ್ಲಿಸುತ್ತಾರೆ. ಜುಲೈ, ಆಗಸ್ಟಿನಲ್ಲಿ ಮುಂಗಡ ಕಾದಿರಿಸದೆ ಹೋಗಬೇಡಿ. ನೀವು ನಡೆದು ಹತ್ತಿ, ಅಮ್ಮ ರೈಲಿನಲ್ಲಿ ಬರಲಿ. ಮೇಲೆ 1859ರಲ್ಲಿ ಫ್ರಾನ್ಸಿನ ಸಾಮ್ರಾಜ್ಞಿ ಯೂಜೆನಿ ಹತ್ತಿದ ನೆನಪಿನ ಕಲ್ಲುಕಂಬವಿದೆ, ಅದರ ಬುಡದಲ್ಲಿ ಸೇರಿಕೊಳ್ಳಬಹುದು.

ನಾವು ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಹಳ್ಳಿಯಲ್ಲಿ ಏನು ಸಿಗುತ್ತದೆ? ಇಲ್ಲಿಂದ ಏನು ಒಯ್ಯಬಹುದು?
ಮಂಡ್ಯ

ಮಾಂಸ ಬೇಡ ಎಂದರೆ ಸಾಲದು. ಹಾಗೆಂದವರ ಸಲಾಡಿನಲ್ಲಿ ಟ್ಯೂನಾ ಮೀನು ಬರುತ್ತದೆ, ವೆಹೆತಾಲ್ ಎಂಬ ಸ್ಯಾಂಡ್‌ವಿಚ್‌ನಲ್ಲಿ ಮೊಟ್ಟೆ ಮತ್ತು ಟ್ಯೂನಾ ಎರಡೂ ಇರುವುದುಂಟು. ಕೆಂಪು ಹುರುಳಿಕಾಯಿ ಬೀಜದ ಸಾರಿನಲ್ಲಿ ಹಂದಿಮಾಂಸದ ಚೋರಿಸೊ ಸಾಸೇಜ್ ಬೆಂದಿರುತ್ತದೆ. ಸೂಪಿನ ನೀರೇ ಮೂಳೆಯದು. ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್, ಸಿನ್ ಉಯೆವೊ ಎಂದು ಮಾಂಸ, ಮೀನು, ಹಂದಿತೊಡೆ, ಮೊಟ್ಟೆ ನಾಲ್ಕನ್ನೂ ಹೆಸರಿಸಿ ಬೇಡ ಎನ್ನಿ. ಆ ಸೀಮೆಯ ಹೆಸರಾಂತ ಇದಿಯಸಾಬಲ್ ಚೀಸನ್ನು ಒಡೆಸುವುದು ಕುರಿಮರಿಯ ಹೊಟ್ಟೆಯ ಹುಳಿಯಿಂದ, ಕಟ್ಟುನಿಟ್ಟಿನವರಿಗೆ ಆಗದು. ಆಗುವುದು: ಎಣ್ಣೆಯಲ್ಲಿ ಬಾಡಿಸಿದ ಗೆರ್ನಿಕಾ ಮೆಣಸಿನಕಾಯಿ, ಬ್ರೆಡ್ಡು, ಆಲೂಗಡ್ಡೆ, ಮತ್ತು ತಾಲೊ. ಈ ತಾಲೊ ಮೆಕ್ಕೆಜೋಳದ ಹಿಟ್ಟಿನ ರೊಟ್ಟಿ. ಕೈಯಲ್ಲಿ ತಟ್ಟಿ ಹೆಂಚಿನ ಮೇಲೆ ಸುಡುತ್ತಾರೆ, ನೋಡಿದರೆ ನಮ್ಮ ಅಡುಗೆಮನೆಯದೇ ಅನ್ನಬೇಕು. ಬರಿದೇ ಕೊಡಿ ಎಂದು ಕೇಳಿ ಚಟ್ನಿಪುಡಿ ಹಚ್ಚಿಕೊಳ್ಳಿ. ದಿನಸಿಗೆ ಉರ್ದಾಕ್ಸ್‌ಗೆ ಸೇರಿದ ದಂಚರಿನೇಯಾ ಎಂಬ ಗಡಿ ಅಂಗಡಿಸಾಲು ಅನುಕೂಲ.

ಒಯ್ಯುವ ವಿಷಯ. ಐರೋಪ್ಯ ಒಕ್ಕೂಟಕ್ಕೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ. ತುಪ್ಪ, ಪೇಡ, ಪನೀರ್ ಮನೆಯಲ್ಲೇ ಇರಲಿ. ಹಸಿ ಕರಿಬೇವು, ಮಾವಿನಹಣ್ಣು ಕೂಡ ಬೇಡ. ಮಂಡ್ಯದ ಬೆಲ್ಲ, ಹುರಿಗಡಲೆ, ಹುರಿದ ಕಡಲೆಬೀಜ, ಅವಲಕ್ಕಿ, ಚಟ್ನಿಪುಡಿಗೆ ತೊಂದರೆಯಿಲ್ಲ. ದಿನವೊಂದಕ್ಕೆ ತಲೆಗೆ ನೂರೈವತ್ತು ಗ್ರಾಂ ಹುರಿಗಾಳು, ಐವತ್ತು ಗ್ರಾಂ ಬೆಲ್ಲ ಲೆಕ್ಕ ಹಿಡಿದರೆ ದಾರಿಯ ಮಧ್ಯಾಹ್ನಕ್ಕೆ ಸಾಕು. ಬೆಲ್ಲವನ್ನು ಪುಡಿ ಮಾಡಿ ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಆ ತೇವಕ್ಕೆ ಅಚ್ಚು ಎರಡೇ ದಿನದಲ್ಲಿ ಬೆವರುತ್ತದೆ. ನೀರು ಒಂದೂವರೆ ಲೀಟರ್ ಹೊತ್ತುಕೊಳ್ಳಿ. ಹಳ್ಳಿಯ ಚಿಲುಮೆಯ ಮೇಲೆ ಎಸ್ ಎದಂಗರ್ರಿಯಾ ಅಥವಾ ನೊ ಪೊತಾಬ್ಲೆ ಎಂದಿದ್ದರೆ ಕುಡಿಯುವ ನೀರಲ್ಲ.

ಎರಡು ದೇಶ ಅಂದರೆ ಎರಡು ವೀಸಾ ಬೇಕೇ?
ಶ್ರೀರಂಗಪಟ್ಟಣ

ಒಂದೇ ಷೆಂಗೆನ್ ವೀಸಾ ಸಾಕು. ಹೆಚ್ಚು ರಾತ್ರಿ ಎಲ್ಲಿ ತಂಗುತ್ತೀರೋ ಆ ದೇಶಕ್ಕೆ ಅರ್ಜಿ, ಎರಡೂ ಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಸುಗರ್ರಮುರ್ದಿಯಲ್ಲಿ ತಂಗಿ ಹಗಲು ಹೊತ್ತು ಸಾರಾ ನೋಡಿಬಂದರೆ ಲೆಕ್ಕಕ್ಕೆ ಅದು ಸ್ಪೇನ್. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ 15 ದಿನ ಮೊದಲಿನವರೆಗೆ ಅರ್ಜಿ ಹಾಕಬಹುದು, ಕೊನೆಯ ದಿನಕ್ಕೆ ಕಾಯಬೇಡಿ. ದೊಡ್ಡವರಿಗೆ ಶುಲ್ಕ 90 ಯೂರೋ, ವೀಸಾ ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಪಾಸ್‌ಪೋರ್ಟ್ ಅಲ್ಲಿಂದ ಹೊರಡುವ ದಿನದ ನಂತರ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ವಿಮೆ ಕನಿಷ್ಠ 30,000 ಯೂರೋಗೆ. ಪಾಲಿಸಿಯಲ್ಲಿ ಹೊರತಾದವುಗಳ ಪಟ್ಟಿ ಓದಿ. ಬೆಟ್ಟದ ನಡಿಗೆಯನ್ನೇ ಹೊರಗಿಟ್ಟ ಪಾಲಿಸಿಗಳಿವೆ. ಗಡಿಯಲ್ಲಿ ಯಾರೂ ಕೇಳದಿದ್ದರೂ ಕಾಲುದಾರಿಗೆ ಪಾಸ್‌ಪೋರ್ಟ್ ಜೊತೆಗಿರಲಿ, ನೀರು ತಾಗದ ಕವರಿನಲ್ಲಿ.

ಜಿಗಣೆ, ಹಾವು, ನಾಯಿ ಯಾವುದಕ್ಕೆ ಹೆದರಬೇಕು?
ಕೆ.ಆರ್. ಪೇಟೆ

ಉಣ್ಣಿಗೆ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವ ಹಾಗೆ ಅಲ್ಲಿ ಉಣ್ಣಿಯಿಂದ ಲೈಮ್ ಎಂಬ ಕಾಯಿಲೆ ಬರುತ್ತದೆ. ಜರಿಗಿಡ, ಎತ್ತರದ ಹುಲ್ಲಿನ ತುದಿಯಲ್ಲಿ ಕಾದು ಕೂತಿರುತ್ತದೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಸಂಜೆ ಸ್ನಾನಕ್ಕೆ ಮುಂಚೆ ಮಂಡಿಯ ಹಿಂದೆ, ತೊಡೆಸಂದು, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಿ. ಮರಿ ಉಣ್ಣಿ ಗಸಗಸೆ ಕಾಳಿನಷ್ಟೇ ಇರುತ್ತದೆ. ಕಚ್ಚಿದ್ದರೆ ಚೂಪು ಮೊನೆಯ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ, ನೇರ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ಎಣ್ಣೆ ಹಚ್ಚುವುದು, ಊದುಬತ್ತಿ ತಾಗಿಸುವುದು ಬೇಡ. ಹಿಂಸೆಗೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯದೊಳಗೆ ಕಕ್ಕಬಹುದು. ತಾರೀಖು ಬರೆದಿಟ್ಟುಕೊಳ್ಳಿ. 30 ದಿನದೊಳಗೆ ಅಲ್ಲಿ ಕೆಂಪು ವೃತ್ತ ಹರಡತೊಡಗಿದರೆ, ಜ್ವರ ಬಂದರೆ, ಡಾಕ್ಟರಿಗೆ ಉಣ್ಣಿ ಕಚ್ಚಿದ್ದನ್ನೂ ಯುರೋಪಿನಲ್ಲಿ ಕಚ್ಚಿದ್ದನ್ನೂ ಹೇಳಿ. ಮೈಸೂರಿಗೆ ಮರಳಿದ ಮೇಲೆ ಕಾಣಿಸಿಕೊಂಡರೆ ಇಲ್ಲಿಯ ವೈದ್ಯರಿಗೆ ಅದು ತಟ್ಟನೆ ಹೊಳೆಯುವ ಕಾಯಿಲೆಯಲ್ಲ.

ನಾಯಿಗೆ ಹೆದರಬೇಕಿಲ್ಲ, ಮರ್ಯಾದೆ ಕೊಡಬೇಕು. ಮಂದೆ ಕಾಯುವ ದೊಡ್ಡ ಬಿಳಿ ನಾಯಿ ಓಡಿಬಂದು ಬೊಗಳಿದರೆ ನಿಂತುಬಿಡಿ, ಕೋಲು ಎತ್ತಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಮಂದೆಯ ನಡುವೆ ನುಗ್ಗದೆ ದೂರದಿಂದ ಸುತ್ತು ಹಾಕಿ. ಪೊಟ್ಟೊಕ ಕುದುರೆಗೆ ಬೆಲ್ಲ ಕೊಡುವ ಆಸೆ ಬೇಡ. ತಿನ್ನಿಸುವವರ ಹಿಂದೆ ಬಂದು ರಸ್ತೆಗಿಳಿಯುವ ಅಭ್ಯಾಸವಾದರೆ ವಾಹನಕ್ಕೆ ಸಿಕ್ಕುತ್ತವೆ. ದಾರಿಗೆ ಅಡ್ಡ ಗೇಟು ಬಂದರೆ ಮುಚ್ಚಿದ್ದನ್ನು ಮುಚ್ಚಿ, ತೆರೆದಿದ್ದನ್ನು ತೆರೆದೇ ಬಿಡಿ. ಕೆಲವು ಗೇಟುಗಳ ಪಕ್ಕದ ತಂತಿಯಲ್ಲಿ ಕರೆಂಟು ಇರುತ್ತದೆ, ಹಳದಿ ಹಿಡಿಯನ್ನು ಮಾತ್ರ ಹಿಡಿಯಿರಿ.